ಗಂಟೆಗೆ 13 ಕಿಲೋಮೀಟರ್ ಓಡೋ ಮನೆ

ಟ್ರಾಲರ್ ಅಂದ ತಕ್ಷಣ ನಿಮ್ಮಲ್ಲಿ ಮುಕ್ಕಾಲು ಜನಕ್ಕೆ ಕಣ್ಮುಂದೆ ಬರೋದು ಮಲ್ಪೆ ಬಂದರು, ಬಲೆ, ಐಸು, ಬಂಗುಡೆ ವಾಸನೆ. ತಪ್ಪೇನಿಲ್ಲ, ಹೆಸರು ಬಂದಿರೋದೇ ಅಲ್ಲಿಂದ. ಅದೇ ದಪ್ಪ ಹೊಟ್ಟೆ, ಅದೇ ನಿಧಾನದ ಡೀಸೆಲ್ ಇಂಜಿನ್ನು, ಅದೇ ಎತ್ತರದ ಮೂತಿ ಇಟ್ಕೊಂಡು, ಬಲೆ ಮೀನು ಇರೋ ಜಾಗದಲ್ಲಿ ಮಲಗೋ ರೂಮು, ಅಡುಗೆಮನೆ, ಬಚ್ಚಲು ಕೂರಿಸಿದ್ರೆ ಅದು ನಾನು ಹೇಳ್ತಿರೋ ಟ್ರಾಲರ್ರು. 1960ರ ದಶಕದಲ್ಲಿ ಹಾಂಗ್‌ಕಾಂಗಲ್ಲಿ ಗ್ರ್ಯಾಂಡ್ ಬ್ಯಾಂಕ್ಸ್ ಅನ್ನೋ ಬೋಟುಗಳು ತಯಾರಾಗೋಕೆ ಶುರುವಾದ್ಮೇಲೆ ಅಮೆರಿಕದಲ್ಲಿ ಇದು ಜನಪ್ರಿಯ ಆಯ್ತು, ಇವತ್ತು ಅಲ್ಲಿ ರಿಟೈರ್ ಆದ ಗಂಡ ಹೆಂಡ್ತಿ ಎಷ್ಟೋ ಜನ ಇಂಥದ್ರಲ್ಲೇ ಸಂಸಾರ ಮಾಡ್ಕೊಂಡು ಊರೂರು ಸುತ್ತುತಾರೆ.

ಸ್ಪೀಡು ಎಷ್ಟು ಅಂತ ಎಲ್ರೂ ಮೊದ್ಲು ಕೇಳ್ತಾರೆ, ಆದ್ರಿಂದ ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ನಮ್ಮ ಬೋಟು ನೀರಿನ ಮಟ್ಟದಲ್ಲಿ ಅಳೆದ್ರೆ 34 ಅಡಿ. ಆ ಉದ್ದದ ವರ್ಗಮೂಲ ತಗೊಂಡು 1.34ರಿಂದ ಗುಣಿಸಿದ್ರೆ ಬೋಟು ಆರಾಮಾಗಿ ಹೋಗೋ ಸ್ಪೀಡಿನ ಮಿತಿ ಸಿಗತ್ತೆ, ನಮ್ಮದಕ್ಕೆ 7.8 ನಾಟ್. ಒಂದು ನಾಟ್ ಅಂದ್ರೆ ಗಂಟೆಗೆ 1.852 ಕಿಲೋಮೀಟರ್. ಅದಕ್ಕಿಂತ ಜಾಸ್ತಿ ಯಾಕಾಗಲ್ಲ ಅಂದ್ರೆ ಬೋಟು ತಾನೇ ಎಬ್ಬಿಸಿದ ಅಲೆಯ ಹಳ್ಳದಲ್ಲಿ ತಾನೇ ಕೂತಿರತ್ತೆ, ಅದರಿಂದ ಹತ್ತಿ ಆಚೆ ಬರೋಕೆ ಡೀಸೆಲ್ ಸುರೀಬೇಕು. ನಾವು ಓಡ್ಸೋದು 7 ನಾಟ್, ಅಂದ್ರೆ ಗಂಟೆಗೆ 13 ಕಿಲೋಮೀಟರ್. ಇಲ್ಲಿ ಮೈಸೂರಿಂದ ಶ್ರೀರಂಗಪಟ್ಟಣಕ್ಕೆ ಹೋಗೋಕೆ ಒಂದು ಗಂಟೆಗಿಂತ ಜಾಸ್ತಿ ಬೇಕು, ದಾರೀಲಿ ಸೈಕಲ್ ತುಳಿಯೋ ಹುಡುಗ ನಿಮ್ಮನ್ನ ಹಿಂದೆ ಹಾಕಿ ಹೋಗ್ತಾನೆ. ಈ ಸ್ಪೀಡಿಗೆ ಗಂಟೆಗೆ ಸುಮಾರು ಏಳೂವರೆ ಲೀಟರ್ ಡೀಸೆಲ್. ಇಂಜಿನ್ನು ಲೇಹ್ಮನ್ 120 ಅಂತ, ಮೂಲದಲ್ಲಿ ಇಂಗ್ಲೆಂಡಿನ ಫೋರ್ಡ್ ಲಾರಿಯ ಇಂಜಿನ್ನು, ಅದನ್ನ ಸಮುದ್ರಕ್ಕೆ ಹೊಂದ್ಸಿದ್ದು. ನಮ್ಮ ಹಳೇ ಲಾರಿ ಮೆಕ್ಯಾನಿಕ್‌ಗಳು ನೋಡಿದ್ರೆ ಹಳೇ ನೆಂಟನ್ನ ನೋಡಿದ ಹಾಗೆ ತಬ್ಕೊತಾರೆ.

ಈಗ ವಿಷಯಕ್ಕೆ ಬರೋಣ. ಅಮೆರಿಕದ ಮೇರಿಲ್ಯಾಂಡಲ್ಲಿ 23 ವರ್ಷ ಕೆಲ್ಸ ಮಾಡಿ, ಅಮ್ಮನ್ನ ನೋಡ್ಕೊಳೋಕೆ ಅಂತ ಕುವೆಂಪುನಗರದ ಮನೆಗೆ ವಾಪಸ್ ಬಂದವ್ನು ನಾನು. ಅಮ್ಮ ಹೋದ್ಮೇಲೆ ಒಂದು ವರ್ಷ ಏನೂ ತೋಚ್ಲಿಲ್ಲ. ಆಗ ತಲೆಗೆ ಹೊಕ್ಕಿದ್ದು ಈ ಹುಚ್ಚು. ಮನೆ ಮಾರಿ, ಅಮೆರಿಕದಲ್ಲಿ ಬೋಟು ತಗೊಂಡು, ಅದ್ರಲ್ಲೇ ಇದ್ಬಿಡೋಣ ಅಂತ ಹೆಂಡ್ತಿಗೆ ಹೇಳ್ದೆ. ಅವಳು ಪಾಂಡವಪುರದ ಕಡೆಯವ್ಳು, ಅಗೋ ಮೂರನೇ ಸಾಲಲ್ಲಿ ಕೂತು ನಗ್ತಿದಾಳೆ. ಕಾಳು ಬಿಡಿಸ್ತಾ ಇದ್ದವ್ಳು ತಲೆ ಎತ್ತದೆ ಅಂದ್ಲು, "ರೀ, ಬೋಟಾದ್ರೂ ತಗಳಿ, ವಿಮಾನಾದ್ರೂ ತಗಳಿ, ಮನೆ ಮಾತ್ರ ಮಾರಾಕೆ ಬಿಡಾಕಿಲ್ಲ. ಒಂದೊಂದೇ ಮೆಟ್ಲು ಹತ್ತನ, ಇಳಿಯಾಕೂ ಜಾಗ ಇರ್ಬೇಕು." ಆವತ್ತು ನಂಗೆ ಸಿಟ್ಟು ಬಂತು. ಈಗ ನಾನು ಹೇಳೋ ಪ್ಲಾನೆಲ್ಲಾ ಆ ಒಂದು ಮಾತಿನ ವಿಸ್ತರಣೆ ಅಷ್ಟೇ.

ಕ್ಯಾಲೆಂಡರ್ ಹಿಂದೆ ಬರೆದ್ವಿ. ಮೊದಲನೇ ವರ್ಷ ಕಲಿಯೋದು ಮತ್ತೆ ಬಾಡಿಗೆ ಬೋಟು, ಎರಡನೇ ವರ್ಷ ಬೇರೆ ತಿಂಗಳಲ್ಲಿ ಮತ್ತೆ ಬಾಡಿಗೆ, ಮೂರನೇ ವರ್ಷ ಆಸೆ ಇನ್ನೂ ಉಳಿದಿದ್ರೆ ಖರೀದಿ, ಆಮೇಲೆ ವೀಕೆಂಡು, ಆಮೇಲೆ ಹದಿನೈದು ದಿನ, ಆಮೇಲೆ ತಿಂಗಳು. ಪ್ರತಿ ವರ್ಷ ದಸರಾಕ್ಕೆ ಮೈಸೂರಿಗೆ ವಾಪಸ್, ಜಂಬೂ ಸವಾರಿ ಮುಗಿದ್ಮೇಲೆ ಇಬ್ರೂ ಕೂತು ಮುಂದಿನ ಮೆಟ್ಟಲು ಹತ್ತೋದಾ ಬೇಡ್ವಾ ಅಂತ ತೀರ್ಮಾನ. ಒಬ್ಬರು ಬೇಡ ಅಂದ್ರೂ ಇರೋ ಮೆಟ್ಟಲಲ್ಲೇ ಇನ್ನೊಂದು ವರ್ಷ. ಇದು ನಾವು ಮಾಡ್ಕೊಂಡ ರೂಲು, ಒಂದು ಸಲ ಬಳಸಿದೀವಿ ಕೂಡ, ಅದನ್ನ ಆಮೇಲೆ ಹೇಳ್ತೀನಿ.

ಕಲಿಯೋಕೆ ದುಡ್ಡು ಜಾಸ್ತಿ ಬೇಡ. ಅಲ್ಲಿ ಕೋಸ್ಟ್ ಗಾರ್ಡ್ ಆಕ್ಸಿಲಿಯರಿ ಅಂತ ಸ್ವಯಂಸೇವಕರ ಸಂಸ್ಥೆ ಇದೆ, ಅವ್ರು ಕ್ಲಾಸು ಮಾಡ್ತಾರೆ, ಬೋಟ್ ನಿಯಮ, ಚಾರ್ಟ್ ಅಂದ್ರೆ ನೀರಿನ ನಕ್ಷೆ ಓದೋದು, ರೇಡಿಯೋದಲ್ಲಿ ಮಾತಾಡೋದು ಎಲ್ಲ. ಇಬ್ರೂ ಪಕ್ಕಪಕ್ಕ ಕೂತು ನೋಟ್ಸ್ ಬರ್ಕೊಂಡ್ವಿ. ಅಲ್ಲಿ ಕಲಿತಿದ್ದು ಒಂದು ಸಣ್ಣ ವಿಷಯ ಹೇಳ್ತೀನಿ, ನಂಗೆ ಇದು ಬಹಳ ಇಷ್ಟ. ಬಂದರಿಗೆ ಒಳಗೆ ಬರೋವಾಗ ನೀರಲ್ಲಿ ಕೆಂಪು ಹಸಿರು ಗುರುತು ತೇಲ್ತಾ ಇರತ್ತಲ್ಲ, ಅಮೆರಿಕದಲ್ಲಿ ಕೆಂಪು ನಿಮ್ಮ ಬಲಕ್ಕಿರ್ಬೇಕು. ನಮ್ಮ ಮಂಗಳೂರಿಗೆ ಒಳಗೆ ಬಂದ್ರೆ ಕೆಂಪು ಎಡಕ್ಕೆ. ಪ್ರಪಂಚನ ಎರಡು ಭಾಗ ಮಾಡಿದಾರೆ, ಎ ಮತ್ತೆ ಬಿ, ನಾವು ಎ, ಅವ್ರು ಬಿ. ರಸ್ತೇಲೂ ಉಲ್ಟಾ, ನೀರಲ್ಲೂ ಉಲ್ಟಾ.

ಬಾಡಿಗೆ ಬೋಟು ತಗೊಂಡಿದ್ದು ಚೆಸಾಪೀಕ್ ಕೊಲ್ಲಿಯಲ್ಲಿ. 200 ಮೈಲಿ ಉದ್ದ ಇದೆ, ಆದ್ರೆ ಸರಾಸರಿ ಆಳ 21 ಅಡಿ ಅಷ್ಟೇ. ಕನ್ನಂಬಾಡಿ ಕಟ್ಟೆ ತುಂಬಿದ್ರೆ 124.80 ಅಡಿ ಅಂತ ಪೇಪರಲ್ಲಿ ಓದ್ತೀವಲ್ಲ, ಅದರ ಮುಂದೆ ಇದು ಕೆರೆ ಇದ್ದ ಹಾಗೆ. ತಳದಲ್ಲಿ ಬಹಳ ಕಡೆ ಮೆತ್ತನೆ ಕೆಸರು, ತಗಲಿಕೊಂಡ್ರೆ ಮರ್ಯಾದೆ ಹೋಗತ್ತೆ ಹೊರತು ಬೋಟು ಒಡೆಯಲ್ಲ. ಹೊಸಬರು ಕಲಿಯೋಕೆ ಇದಕ್ಕಿಂತ ಒಳ್ಳೇ ಜಾಗ ನಾನು ನೋಡಿಲ್ಲ.

ಎರಡನೇ ದಿನ ಸಂಜೆ ಒಂದು ಮರೀನಾದಲ್ಲಿ ಬೋಟು ಕಟ್ಬೇಕಿತ್ತು. ಮರೀನಾ ಅಂದ್ರೆ ಬೋಟುಗಳ ಪಾರ್ಕಿಂಗ್ ಲಾಟು ಅಂದ್ಕೊಳಿ. ಸ್ಟಿಯರಿಂಗ್ ನನ್ನ ಕೈಲಿ, ಅವಳು ಮುಂದುಗಡೆ ಹಗ್ಗ ಹಿಡ್ಕೊಂಡು. ಒಂದೇ ಪ್ರೊಪೆಲ್ಲರ್ ಇರೋ ಬೋಟು ರಿವರ್ಸ್ ಹಾಕಿದ್ರೆ ನೇರ ಹಿಂದಕ್ಕೆ ಬರಲ್ಲ, ಮುಂದಕ್ಕೆ ಹೋಗೋವಾಗ ಪ್ರೊಪೆಲ್ಲರ್ ಬಲಕ್ಕೆ ತಿರುಗೋದಾದ್ರೆ ರಿವರ್ಸಲ್ಲಿ ಹಿಂಭಾಗ ಎಡಕ್ಕೆ ಸರಿಯತ್ತೆ. ಪುಸ್ತಕದಲ್ಲಿ ಓದಿದ್ದೆ. ಬೋಟು ಕಟ್ಟೋ ಕಟ್ಟೆ ಇನ್ನು ಹತ್ತಡಿ ದೂರ ಇದೆ ಅನ್ನೋವಾಗ ಪುಸ್ತಕ ಯಾರಿಗೆ ನೆನಪಿರತ್ತೆ ಹೇಳಿ, ಗಾಳಿ ಒಂದ್ಕಡೆ ತಳ್ತಿದೆ, ನಾನು ಇನ್ನೊಂದ್ಕಡೆ ತಿರುಗಿಸ್ತಿದೀನಿ, ಆಚೆ ಬೋಟಿನವ್ರು ತಮ್ಮ ಬೋಟಿಗೆ ತಗಲದೆ ಇರ್ಲಿ ಅಂತ ಕಾಲು ಚಾಚ್ಕೊಂಡು ನಿಂತಿದಾರೆ, ನಾನು ಇವಳಿಗೆ "ಹಾರೇ, ಕಟ್ಟೆಗೆ ಹಾರು" ಅಂತ ಕೂಗ್ತಿದೀನಿ. ಅವಳು ಹಾರ್ಲಿಲ್ಲ. ಒಳ್ಳೇದಾಯ್ತು. ಬೋಟಿಂದ ಹಾರೋದು ಅಂದ್ರೆ ಕಾಲು ಮುರ್ಕೊಳೋ ಸುಲಭದ ದಾರಿ, ಬೋಟು ಪೂರ್ತಿ ಕಟ್ಟೆ ಪಕ್ಕ ಬಂದ್ಮೇಲೆ ಹೆಜ್ಜೆ ಇಟ್ಟು ಇಳೀಬೇಕು ಅಷ್ಟೇ.

ಮಾರನೇ ದಿನ ಅವಳು, ನಾನು ಓಡುಸ್ತೀನಿ, ನೀವು ಹಗ್ಗ ಹಿಡೀರಿ ಅಂದ್ಲು. ನೋಡಿದ್ರೆ ಅವಳು ಗೇರಿಗೆ ಒಂದು ಸಲ ಚಿಟಿಕೆಯಷ್ಟು ಕೊಟ್ಟು ನ್ಯೂಟ್ರಲ್‌ಗೆ ಹಾಕಿ ಸುಮ್ನೆ ಕಾಯ್ತಾಳೆ, ಬೋಟು ತಾನಾಗೇ ತಿರುಗಿದ್ಮೇಲೆ ಇನ್ನೊಂದು ಚಿಟಿಕೆ. ಹೆಂಗೆ ಗೊತ್ತು ನಿಂಗೆ ಅಂದ್ರೆ, "ಕಬ್ಬು ತುಂಬಿರೋ ಟ್ರೇಲರ್ನ ಫ್ಯಾಕ್ಟರಿ ಮುಂದೆ ನಮ್ಮಣ್ಣ ರಿವರ್ಸ್ ತಗಳೋದು ನೋಡಿಲ್ವ, ಒಸಿ ತಿರುಗ್ಸೋದು, ಒಸಿ ನೋಡೋದು, ನೀವು ಸುಮ್ಕೆ ತಿರುಗುಸ್ತಾನೇ ಇರ್ತೀರ." ಅವತ್ತಿಂದ ಕಟ್ಟೋವಾಗ ಸ್ಟಿಯರಿಂಗ್ ಅವಳದ್ದು, ಹಗ್ಗ ನಂದು. ಹಗ್ಗಕ್ಕೆ ಬೇಕಾಗಿರೋದು ತೋಳು, ಸ್ಟಿಯರಿಂಗ್‌ಗೆ ಬೇಕಾಗಿರೋದು ತಾಳ್ಮೆ, ಬಹಳ ಜೋಡಿಗಳು ಇದನ್ನ ಉಲ್ಟಾ ಹಂಚ್ಕೊಂಡು ಮರೀನಾದಲ್ಲಿ ಎಲ್ರೆದುರಿಗೂ ಜಗಳ ಆಡ್ತಾರೆ. ಇನ್ನೊಂದು ಕಾರಣಾನೂ ಇದೆ, ನಡುನೀರಲ್ಲಿ ನಂಗೆ ಎದೆನೋವು ಬಂದ್ರೆ ಬೋಟನ್ನ ದಡಕ್ಕೆ ತರೋರು ಯಾರು? ಒಬ್ಬರಿಗೆ ಮಾತ್ರ ಓಡ್ಸೋಕೆ ಬರೋದಾದ್ರೆ ಆ ಪ್ಲಾನು ಪ್ಲಾನೇ ಅಲ್ಲ.

ಖರೀದಿ ಕಥೆ ಸ್ವಲ್ಪ ಉದ್ದ. ಮೊದಲು ನೋಡಿದ ಬೋಟು 1970ರ ದಶಕದ್ದು, ಡೆಕ್, ಅಂದ್ರೆ ನಾವು ಓಡಾಡೋ ಮೇಲಿನ ನೆಲ, ಪೂರ್ತಿ ತೇಗ. ನಮ್ಮೂರಿನ ಜನಕ್ಕೆ ತೇಗ ಕಂಡ್ರೆ ಹೆಂಗಾಗತ್ತೆ ನಿಮಗೆ ಗೊತ್ತು, ನಾನು ಕಾಲಿಟ್ಟ ತಕ್ಷಣ ಕೊಂಡ್ಬಿಟ್ಟೆ ಮನಸ್ಸಲ್ಲೇ. ಬ್ರೋಕರ್ ಕೂಡ ಇಂಜಿನ್ನು ಗಡಿಯಾರದ ಹಾಗಿದೆ ಅಂತ ಹೊಗಳ್ದ. ಆದ್ರೆ ಅಲ್ಲಿ ಹಳೇ ಬೋಟನ್ನ, ಬೋಟು ಪರೀಕ್ಷೆ ಮಾಡೋ ಸರ್ವೇಯರ್ ಇಲ್ಲದೆ ಯಾರೂ ತಗೊಳಲ್ಲ, ತಗೋಬಾರ್ದು. ದುಡ್ಡು ಕೊಟ್ಟು ಕರೆಸ್ದೆ. ಅವ್ರು ಒಂದು ಸಣ್ಣ ಪ್ಲಾಸ್ಟಿಕ್ ಸುತ್ತಿಗೆ ತಗೊಂಡು ಡೆಕ್ ಮೇಲೆ ಅಂಗುಲ ಅಂಗುಲ ತಟ್ತಾ ಹೋದ್ರು, ಸಂತೇಲಿ ತೆಂಗಿನಕಾಯಿ ತಟ್ಟಿ ನೋಡ್ತೀವಲ್ಲ ಹಾಗೆ. ಟಣ್ ಟಣ್ ಟಣ್ ಅಂತಿದ್ದದ್ದು ಒಂದು ಕಡೆ ದಬ್ ದಬ್ ಅಂತು. ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಹಾಕಿದ್ರು. ಮಧ್ಯಾಹ್ನದ ಹೊತ್ತಿಗೆ ಡೆಕ್ ಮೇಲೆ ಅರ್ಧ ರಂಗೋಲಿ.

ವಿಷಯ ಏನಂದ್ರೆ, ತೇಗದ ಹಲಗೆ ಕೂರ್ಸೋಕೆ ಫೈಬರ್ ಮೇಲೆ ಸಾವಿರಾರು ಸ್ಕ್ರೂ ಹೊಡೆದಿರ್ತಾರೆ. ಒಂದೊಂದು ಸ್ಕ್ರೂನೂ ನೀರಿಗೆ ಒಂದೊಂದು ಬಾಗ್ಲು. ನಲವತ್ತು ವರ್ಷ ನೀರು ಇಳಿದು ಒಳಗಿನ ಮರದ ಪದರ ಕೊಳೆತು ಉಪ್ಪಿಟ್ಟಾಗಿತ್ತು. ಅದರ ಜೊತೆಗೆ ಡೀಸೆಲ್ ಟ್ಯಾಂಕು ಕಬ್ಬಿಣದ್ದು, ತುಕ್ಕು ಹಿಡಿದಿದೆ, ಬದಲಾಯಿಸ್ಬೇಕು ಅಂದ್ರೆ ಇಂಜಿನ್ನು ಎತ್ತಬೇಕು ಇಲ್ಲ ಟ್ಯಾಂಕನ್ನ ಒಳಗೇ ಕತ್ತರಿಸಿ ತುಂಡು ತುಂಡಾಗಿ ತೆಗೀಬೇಕು. ಇಂಜಿನ್ ಆಯಿಲ್ ಸ್ಯಾಂಪಲ್ ಲ್ಯಾಬಿಗೆ ಕಳ್ಸಿದ್ವಿ, ರಕ್ತ ಪರೀಕ್ಷೆ ಇದ್ದ ಹಾಗೆ ಅದು, ಯಾವ ಲೋಹ ಎಷ್ಟು ಸವೆದಿದೆ ಅಂತ ಹೇಳತ್ತೆ. ಇಂಜಿನ್ನು ನಿಜವಾಗ್ಲೂ ಚೆನ್ನಾಗಿತ್ತು! ಬ್ರೋಕರ್ ಸುಳ್ಳು ಹೇಳಿರ್ಲಿಲ್ಲ, ಕೇಳದೆ ಇದ್ದದ್ದನ್ನ ಹೇಳಿರ್ಲಿಲ್ಲ ಅಷ್ಟೇ. ಸರ್ವೇಗೆ, ಬೋಟನ್ನ ನೀರಿಂದ ಎತ್ತಿಸೋಕೆ ಕೊಟ್ಟ ದುಡ್ಡು ಹೋಯ್ತು, ನಾವು ಕೈ ಮುಗಿದು ಬಂದ್ವಿ. ಆ ವರ್ಷ ದಸರಾ ಮುಗಿದ್ಮೇಲೆ ಕೂತಾಗ ನಾನು ಇನ್ನೊಂದು ನೋಡೋಣ ಅಂದೆ, ಅವಳು ಬೇಡ, ಈ ವರ್ಷ ಬಾಡಿಗೆನೇ ಸಾಕು ಅಂದ್ಲು. ರೂಲು ಬಳಸಿದ್ದು ಆಗ. ಮುಖ ಊದಿಸ್ಕೊಂಡೇ ಒಪ್ಕೊಂಡೆ. ಆ ಒಂದು ವರ್ಷದಲ್ಲಿ ಇಪ್ಪತ್ತು ಬೋಟಾದ್ರೂ ಹತ್ತಿ ಇಳಿದ್ವಿ, ತೇಗ ಕಂಡ್ರೆ ಹೆದರೋದು ಕಲ್ತೆ. ಈಗಿರೋ ಬೋಟಿಗೆ ಡೆಕ್ ಮೇಲೆ ಒಂದು ಹಲಗೆ ತೇಗ ಇಲ್ಲ, ನೋಡೋಕೆ ಸಪ್ಪೆ.

ಇನ್ಶೂರೆನ್ಸ್ ಬಗ್ಗೆ ಒಂದು ಮಾತು. ನೀವು ನಿಧಾನಕ್ಕೆ ಹೋಗಲ್ಲ ಅಂದ್ರೂ ಅವ್ರು ಬಿಡಲ್ಲ. ಅನುಭವ ಇಲ್ಲದವ್ರು ಒಂದೇ ಸಲ ದೊಡ್ಡ ಬೋಟು ತಗೊಂಡ್ರೆ ಪಾಲಿಸಿ ಸಿಗೋದೇ ಕಷ್ಟ, ಕೊಟ್ರೂ ಲೈಸೆನ್ಸ್ ಇರೋ ಕ್ಯಾಪ್ಟನ್ ಜೊತೆ ಇಷ್ಟು ಗಂಟೆ ಓಡಿಸ್ಬೇಕು ಅಂತ ಷರತ್ತು ಹಾಕ್ತಾರೆ. ಬಾಡಿಗೆ ಬೋಟಲ್ಲಿ ಓಡಿಸಿದ ದಿನಗಳನ್ನ ನಾವು ಡೈರಿಯಲ್ಲಿ ಬರೆದಿಟ್ಟಿದ್ವಿ, ಅದೇ ಕೆಲಸಕ್ಕೆ ಬಂತು. ಆಮೇಲೆ, ನಂಗೆ ಅಲ್ಲಿನ ಪೌರತ್ವ ಇದೆ, ಆದ್ರಿಂದ ಕೋಸ್ಟ್ ಗಾರ್ಡ್ ದಾಖಲಾತಿ, ಆರು ತಿಂಗಳ ವೀಸಾ ಲೆಕ್ಕ ಯಾವ ತಾಪತ್ರಯನೂ ಇಲ್ಲ. ಮಕ್ಕಳ ಮನೆಗೆ ವಿಸಿಟರ್ ವೀಸಾದಲ್ಲಿ ಹೋಗೋ ನೀವು ನನ್ನನ್ನ ಹಾಗೇ ಕಾಪಿ ಮಾಡೋಕಾಗಲ್ಲ, ಇದನ್ನ ಬಚ್ಚಿಟ್ಟು ಮಾತಾಡೋದು ತಪ್ಪಾಗತ್ತೆ.

ವಾಸದ ವಿಷಯಕ್ಕೆ ಬಂದ್ರೆ ಮೈಸೂರಿನೋರಿಗೆ ಅರ್ಧ ಟ್ರೈನಿಂಗ್ ಮೊದ್ಲೇ ಆಗಿದೆ. ಕರೆಂಟು ಹೋದಾಗ ಯುಪಿಎಸ್ ಮೇಲೆ ಫ್ಯಾನು ಬೇಕಾ ಟಿವಿ ಬೇಕಾ ಅಂತ ಲೆಕ್ಕ ಹಾಕಿದವ್ರು ನಾವು. ಬೋಟಲ್ಲೂ ಅದೇ. ನಮ್ಮದು 12 ವೋಲ್ಟಿನ 400 ಆಂಪಿಯರ್ ಅವರ್ ಬ್ಯಾಟರಿ, ಆದ್ರೆ ಲೆಡ್ ಆಸಿಡ್ ಬ್ಯಾಟರೀನ ಅರ್ಧಕ್ಕಿಂತ ಕೆಳಗೆ ಇಳಿಸಿದ್ರೆ ಆಯಸ್ಸು ಕಮ್ಮಿ ಆಗತ್ತೆ, ಆದ್ರಿಂದ ಕೈಯಲ್ಲಿರೋದು 200 ಅಷ್ಟೇ, ಫ್ರಿಜ್ಜೇ ದಿನಕ್ಕೆ ಅದರಲ್ಲಿ ಕಾಲು ಭಾಗ ತಿನ್ನತ್ತೆ. ನೀರು ಕೂಡ ಹಾಗೇ. ಅಲ್ಲಿಯೋರು ಶವರ್ ಬಿಟ್ಟು ಟ್ಯಾಂಕ್ ಖಾಲಿ ಮಾಡ್ಕೊಂಡು ಪರದಾಡ್ತಾರೆ, ನಾವು ಬಕೆಟ್ಟು ಚೊಂಬು ಇಟ್ಕೊಂಡು ಸ್ನಾನ ಮಾಡಿ ಎರಡು ವಾರ ತಳ್ತೀವಿ. ಪಾಯಿಖಾನೆ ನೀರನ್ನ ಹಾಗೇ ಹೊರಗೆ ಬಿಡೋ ಹಾಗಿಲ್ಲ, ದಡದಿಂದ ಮೂರು ಮೈಲಿ ಒಳಗೆ ಕಾನೂನು ಬಿಡಲ್ಲ, ಒಂದು ಟ್ಯಾಂಕಲ್ಲಿ ತುಂಬ್ಕೊಂಡು ಮರೀನಾಗೆ ಹೋಗಿ ಪಂಪ್ ಮಾಡಿಸ್ಬೇಕು. ಆ ಕೆಲ್ಸ ನಂದು, ಅದರ ವಿವರ ಬೇಡ, ಊಟದ ಟೈಮ್ ಹತ್ರ ಬರ್ತಿದೆ.

ಊಟ ಅಂದ್ರೆ ನೆನಪಾಯ್ತು. ಇವಳಿಗೆ ವಾರಕ್ಕೆ ಎರಡು ದಿನ ಮುದ್ದೆ ಇಲ್ದೆ ಆಗಲ್ಲ, ಸೂಟ್‌ಕೇಸಲ್ಲಿ ಮುದ್ದೆ ಕೋಲು, ಐದು ಕೆಜಿ ರಾಗಿ ಹಿಟ್ಟು ಇಲ್ಲಿಂದಲೇ. ಒಂದಿನ ಸಣ್ಣ ಕೋವ್ ಒಂದರಲ್ಲಿ, ಅಂದ್ರೆ ಪುಟ್ಟ ಕೊಲ್ಲಿಯಲ್ಲಿ, ಲಂಗರು ಹಾಕಿದೀವಿ, ನೀರು ಕನ್ನಡಿ, ಇವಳು ಪಾತ್ರೆನ ಕಾಲ್ಸಂದಿ ಇಟ್ಕೊಂಡು ನೆಲದ ಮೇಲೆ ಕೂತು ತಿರುವ್ತಿದಾಳೆ. ದೂರದಲ್ಲಿ ಯಾವನೋ ಒಬ್ಬ ದೊಡ್ಡ ಸ್ಪೀಡ್ ಬೋಟಲ್ಲಿ ಹಾದು ಹೋದ. ಅವನು ಹೋಗಿ ಒಂದು ನಿಮಿಷ ಆದ್ಮೇಲೆ ಅವನ ಅಲೆ ಬಂತು ನೋಡಿ, ಪಕ್ಕಕ್ಕೆ ಬಡೀತು, ಬೋಟು ತೊಟ್ಟಿಲ ಹಾಗೆ ತೂಗಿ, ಅಡುಗೆ ಕಟ್ಟೆ ಮೇಲಿದ್ದ ಸೊಪ್ಪಿನ ಸಾರು ಪೂರ್ತಿ ಸೋಫಾ ಮೇಲೆ. ಮುದ್ದೆ ಅಲ್ಲಾಡ್ಲಿಲ್ಲ. ಅವಳು ಒಂದು ಕೈಲಿ ಕಂಬ ಹಿಡ್ಕೊಂಡು ಇನ್ನೊಂದು ಕೈಲಿ ಕೋಲು ಬಿಟ್ಟಿರ್ಲಿಲ್ಲ. ಆ ರಾತ್ರಿ ಮುದ್ದೆಗೆ ಉಪ್ಪಿನಕಾಯಿ. ಸೋಫಾದಲ್ಲಿ ಇವತ್ತಿಗೂ ಹುಣಸೆ ಕಲೆ ಇದೆ.

ಗ್ಯಾಸ್ ವಿಷಯ ಮಾತ್ರ ತಮಾಷೆ ಅಲ್ಲ. ಮನೇಲಿ ಸಿಲಿಂಡರ್ ಲೀಕ್ ಆದ್ರೆ ಬಾಗಿಲು ತೆಗೀತೀವಿ, ಕೆಳಗಿಂದ ಆಚೆ ಹೋಗತ್ತೆ. ಈ ಗ್ಯಾಸು ಗಾಳಿಗಿಂತ ಭಾರ, ಬೋಟು ಅಂದ್ರೆ ಒಂದು ಬಟ್ಟಲು, ತಳದಲ್ಲಿ ತುಂಬ್ಕೊಂಡು ಕೂತಿರತ್ತೆ, ಒಂದು ಕಿಡಿ ಸಾಕು. ಸಿಲಿಂಡರ್ ಹೊರಗಡೆ ಪೆಟ್ಟಿಗೆಯಲ್ಲಿರ್ಬೇಕು, ಪೆಟ್ಟಿಗೆಯ ತೂತು ಹೊರಕ್ಕೆ ಇಳೀಬೇಕು, ಒಲೆ ಪಕ್ಕದಲ್ಲೇ ಆಫ್ ಮಾಡೋ ಸ್ವಿಚ್ ಇರ್ಬೇಕು. ಈ ಮೂರೂ ಇಲ್ಲದ ಬೋಟಲ್ಲಿ ನಾನು ಕಾಫಿ ಕೂಡ ಕುಡಿಯಲ್ಲ.

ಲಂಗರಿನ ಲೆಕ್ಕ ಹೇಳ್ತೀನಿ, ಎಲ್ರೂ ತಪ್ಪೋದು ಇಲ್ಲೇ. ನೀರು ಹತ್ತಡಿ ಆಳ ಇದ್ರೆ ಹತ್ತಡಿ ಚೈನ್ ಬಿಟ್ರೆ ಸಾಲ್ದು ಅಂತ ಎಲ್ರಿಗೂ ಗೊತ್ತು. ಐದು ಪಟ್ಟು ಬಿಡ್ಬೇಕು, ಗಾಳಿ ಇದ್ರೆ ಏಳು ಪಟ್ಟು, ಯಾಕಂದ್ರೆ ಎಳೆತ ಮೇಲಕ್ಕೆ ಬಂದ್ರೆ ಲಂಗರು ಕಿತ್ಕೊಂಡು ಬರತ್ತೆ, ಅಡ್ಡಡ್ಡ ಎಳೆದ್ರೆ ನೇಗಿಲ ಹಾಗೆ ಇನ್ನೂ ಒಳಕ್ಕೆ ಹೋಗತ್ತೆ. ಆದ್ರೆ ಹತ್ತರ ಐದು ಪಟ್ಟು ಐವತ್ತು ಅಲ್ಲ. ನೀರಿಂದ ಬೋಟಿನ ಮೂತಿಗೆ ಇನ್ನೂ ನಾಲ್ಕಡಿ ಎತ್ತರ ಇದೆ, ಹದಿನಾಲ್ಕರ ಐದು ಪಟ್ಟು, ಎಪ್ಪತ್ತು. ಗಾಳಿಗೆ ತೊಂಬತ್ತೆಂಟು. ಉಬ್ಬರ ಬರೋದಿದ್ರೆ ಅದನ್ನೂ ಮೊದ್ಲೇ ಸೇರಿಸ್ಬೇಕು. ನಾನು ಮೊದಲ ಸಲ ಮೂತಿ ಮರೆತೆ. ರಾತ್ರಿ ಎರಡು ಗಂಟೆಗೆ ಬೋಟು ಜರುಗಿದ್ರೆ ಕೂಗೋ ಫೋನಿನ ಅಲಾರಂ ಹೊಡ್ಕೊಂಡು ಎದ್ದು ನೋಡಿದ್ರೆ, ಮಲಗೋವಾಗ ಎಡಗಡೆ ಇದ್ದ ಮನೆ ದೀಪ ಬಲಗಡೆ ಇದೆ. ಬನಿಯನ್ನಲ್ಲೇ ಮುಂದಕ್ಕೆ ಓಡ್ದೆ.

ಕಾಲದ ವಿಷಯ ನಮ್ಮ ಕರಾವಳಿಯೋರಿಗೆ ಹೇಳ್ಕೊಡೋದೇ ಬೇಡ, ಜೂನ್ 1ರಿಂದ ಜುಲೈ 31ರ ತನಕ ಇಲ್ಲಿ ಮೀನು ಹಿಡಿಯೋಕೆ ಯಾಂತ್ರಿಕ ದೋಣಿ ಇಳಿಸೋ ಹಾಗಿಲ್ಲ. ಅಲ್ಲಿ ಜೂನ್ 1ರಿಂದ ನವೆಂಬರ್ 30ರ ತನಕ ಚಂಡಮಾರುತದ ಸೀಸನ್, ಆಗ ದಕ್ಷಿಣಕ್ಕೆ ಹೋಗ್ಬೇಡಿ ಅಂತ ಬಹಳ ಪಾಲಿಸಿಗಳಲ್ಲಿ ಬರೆದೇ ಇರತ್ತೆ. ಚಳಿಗಾಲದಲ್ಲಿ ಉತ್ತರದಲ್ಲಿ ಇದ್ರೆ ಪೈಪಲ್ಲಿ ನೀರು ಹೆಪ್ಪುಗಟ್ಟಿ ಇಂಜಿನ್ನೇ ಸೀಳತ್ತೆ. ನಾವು ಇಷ್ಟು ವರ್ಷ ಮಾಡಿದ್ದು ಸುಲಭದ್ದು, ಸೆಪ್ಟೆಂಬರ್ ಕೊನೆಗೆ ಬೋಟನ್ನ ದಡಕ್ಕೆತ್ತಿಸಿ, ಪೈಪಿಗೆಲ್ಲ ಆಂಟಿಫ್ರೀಜ್ ತುಂಬಿ, ದಸರಾಕ್ಕೆ ಇಲ್ಲಿ. ಮುಂದಿನ ಮೆಟ್ಟಲು ಅಂದ್ರೆ ಹಕ್ಕಿಗಳ ಹಾಗೆ ದಕ್ಷಿಣಕ್ಕೆ ಹೋಗೋದು. ವರ್ಜೀನಿಯಾದ ನಾರ್ಫೋಕಿಂದ ಮಯಾಮಿ ತನಕ ಸಮುದ್ರದ ಪಕ್ಕದಲ್ಲೇ ನದಿ, ಹಿನ್ನೀರು, ಕಾಲುವೆ ಜೋಡಿಸಿದ ಒಂದು ದಾರಿ ಇದೆ, ಸುಮಾರು 1,090 ಮೈಲಿ, ದಿನಕ್ಕೆ ಐವತ್ತು ಅಂದ್ರೂ ಇಪ್ಪತ್ತೆರಡು ದಿನದ ಓಟ, ಮಳೆ ಗಾಳಿಗೆ ನಿಂತು ನಿಂತು ಹೋದ್ರೆ ಎರಡು ತಿಂಗಳು. ಅದಕ್ಕೂ ಆಚೆ ಗ್ರೇಟ್ ಲೂಪ್ ಅಂತ ಇದೆ, ಅಮೆರಿಕದ ಪೂರ್ವದ ಅರ್ಧಕ್ಕೆ ಒಂದು ಪ್ರದಕ್ಷಿಣೆ, ಸುಮಾರು 6,000 ಮೈಲಿ, ಸಾಮಾನ್ಯವಾಗಿ ಒಂದು ವರ್ಷ. ಹಡ್ಸನ್ ನದಿ, 1825ರಲ್ಲಿ ತೆರೆದ ಈರಿ ಕಾಲುವೆ, ಗ್ರೇಟ್ ಲೇಕ್ಸು, ಇಲಿನಾಯ್ ನದಿ, ಮಿಸಿಸಿಪ್ಪಿ, ಹಾಗೇ ಕೆಳಕ್ಕೆ. ಶಿಕಾಗೋ ಹತ್ರ ಒಂದು ಸೇತುವೆ 19.6 ಅಡಿ ಅಷ್ಟೇ ಎತ್ತರ, ಅದಕ್ಕಿಂತ ಎತ್ತರದ ಬೋಟು ತಗೊಂಡ್ರೆ ಪ್ರದಕ್ಷಿಣೆ ಅಲ್ಲಿಗೇ ಮುಗೀತು. ಬೋಟು ಕೊಳ್ಳೋಕೆ ಮೊದ್ಲೇ ಎಲ್ಲಿಗೆ ಹೋಗ್ತೀರಿ ಅಂತ ಗೊತ್ತಿರ್ಬೇಕು ಅನ್ನೋದು ಇದಕ್ಕೇ.

ಈ ಕಾಲುವೆಗಳಲ್ಲಿ ಲಾಕ್ ಅಂತ ಬರತ್ತೆ, ಮಂಡ್ಯದೋರಿಗೆ ಒಂದೇ ಮಾತಲ್ಲಿ ಹೇಳ್ಬಹುದು, ಎರಡು ತೂಬಿನ ಮಧ್ಯೆ ಬೋಟು ನಿಲ್ಸೋದು. ಹಿಂದಿನ ಬಾಗ್ಲು ಮುಚ್ಚಿ ಮೇಲಿನ ನೀರು ಬಿಟ್ರೆ ಬೋಟು ತಾನೇ ಏರತ್ತೆ. ಪಂಪು ಇಲ್ಲ, ಏನಿಲ್ಲ, ಬರೀ ನೀರಿನ ಮಟ್ಟ. ನಾನು ಮೊದಲ ಸಲ ಏರಿದಾಗ ಸಡಿಲ ಆಗೋ ಹಗ್ಗ ಎಳ್ಕೊಳೋದು ಮರೆತು ನೋಡ್ತಾ ನಿಂತಿದ್ದೆ.

ಖರ್ಚು ಕೇಳ್ತೀರ ಅಂತ ಗೊತ್ತು. ಬೋಟಿನ ಬೆಲೆಯ ನೂರಕ್ಕೆ ಹತ್ತು ಭಾಗ ವರ್ಷಾ ವರ್ಷ ಇಟ್ಕೊಳಿ ಅಂತ ಅಲ್ಲಿಯೋರು ಹೇಳ್ತಾರೆ. ಹಳೇ ಬೋಟು ಅಗ್ಗಕ್ಕೆ ಸಿಕ್ಕಿದ್ರೆ ಆ ಲೆಕ್ಕ ಸುಳ್ಳು, ಬೋಟು ಅಗ್ಗ ಆದ್ರೆ ಪಂಪು ಅಗ್ಗ ಆಗಲ್ವಲ್ಲ. ನಮಗೆ ಮೊದಲ ವರ್ಷ ಅದರ ಎರಡರಷ್ಟಾಯ್ತು. ಮನೆ ಇಲ್ಲೇ ಇದ್ದದ್ರಿಂದ ನಿದ್ದೆ ಬಂತು.

ಇಲ್ಲೇ ಇದ್ಕೊಂಡು ರುಚಿ ನೋಡೋಕೆ ಆಗಲ್ವಾ ಅಂತ ಮೊನ್ನೆ ಒಬ್ಬರು ಫೋನಲ್ಲಿ ಕೇಳಿದ್ರು. ಆಗತ್ತೆ. ಕೊಲ್ಲಂನಿಂದ ಕೊಟ್ಟಪುರಂ ತನಕ ಕೇರಳದ ಹಿನ್ನೀರನ್ನ 1993ರಲ್ಲೇ ರಾಷ್ಟ್ರೀಯ ಜಲಮಾರ್ಗ 3 ಅಂತ ಮಾಡಿದಾರೆ. ಅಲೆಪ್ಪಿಗೆ ಹೋಗಿ ಹೌಸ್‌ಬೋಟ್ ತಗೊಳಿ, ಆದ್ರೆ ಒಂದು ರಾತ್ರಿ ಪ್ಯಾಕೇಜ್ ಬೇಡ, ನಾಲ್ಕು ರಾತ್ರಿ ಇರಿ. ಮೊದಲ ದಿನ ಫೋಟೋ, ಎರಡನೇ ದಿನ ಸೊಳ್ಳೆ, ಮೂರನೇ ದಿನ ಇಬ್ಬರಿಗೂ ಮಾತಾಡೋಕೆ ಏನೂ ಉಳಿದಿರಲ್ಲ. ನಾಲ್ಕನೇ ದಿನ ಬೆಳಗ್ಗೆ ಏನನ್ಸತ್ತೆ ಅಂತ ನೋಡ್ಕೊಳಿ. ಇಪ್ಪತ್ತು ಅಡಿ ಜಾಗದಲ್ಲಿ ಒಬ್ಬರಿಗೊಬ್ಬರು ಸಾಕಾಗ್ತಾರಾ ಅನ್ನೋದಕ್ಕೆ ಅಮೆರಿಕಾಗೆ ಹೋಗ್ಬೇಕಾಗಿಲ್ಲ.

ಈಗ ನಾವೆಲ್ಲಿದೀವಿ ಅಂದ್ರೆ, ಕಳೆದ ಸೀಸನ್ನಲ್ಲಿ ನಾಲ್ಕೂವರೆ ತಿಂಗಳು ಬೋಟಲ್ಲೇ ಇದ್ವಿ. ದಕ್ಷಿಣದ ದಾರಿಗೆ ಅವಳು ಇನ್ನೂ ಹೂಂ ಅಂದಿಲ್ಲ, ಯಾಕಂದ್ರೆ ಆ ದಾರಿ ಹಿಡಿದ್ರೆ ಸಂಕ್ರಾಂತಿ ಹೊತ್ತಿಗೆ ಫ್ಲೋರಿಡಾದಲ್ಲಿರ್ತೀವಿ, ಎಳ್ಳು ಬೀರೋಕೆ ಯಾರ ಮನೆಗೆ ಹೋಗ್ಲಿ, ಮೊಸಳೆ ಮನೆಗಾ ಅಂತ ಕೇಳ್ತಾಳೆ. ಉತ್ತರ ನನ್ನ ಹತ್ರ ಇಲ್ಲ. ಯಾವಾಗ ಮಾರ್ತೀರಿ ಅಂತಾನೂ ಕೆಲವರು ಕೇಳಿದೀರ, ಅದು ಕೊಳ್ಳೋ ದಿನಾನೇ ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದೀವಿ. ಪ್ರತಿ ಏಪ್ರಿಲಲ್ಲಿ ಬೋಟನ್ನ ನೀರಿಗಿಳಿಸಿದ ದಿನ, ಸಣ್ಣ ರಬ್ಬರ್ ದೋಣಿಯಿಂದ ಹಿಂದಿನ ಏಣಿ ಹಿಡ್ಕೊಂಡು ಡೆಕ್ಕಿಗೆ ಇಬ್ರೂ ಒಬ್ಬರೇ ಹತ್ಬೇಕು, ಕೈ ಕೊಡೋ ಹಾಗಿಲ್ಲ. ಒಬ್ಬರಿಗೆ ಆಗ್ಲಿಲ್ಲ ಅಂದ್ರೆ ಆವತ್ತೇ ಬ್ರೋಕರ್‌ಗೆ ಫೋನು. ಈ ವರ್ಷ ಅವಳು ಸೀರೆ ಎತ್ತಿ ಕಟ್ಟಿ ಸರಸರ ಹತ್ತಿದ್ಲು. ನಾನು ಎರಡನೇ ಸಲಕ್ಕೆ ಹತ್ತಿದೆ. ಎರಡನೇ ಸಲ ಲೆಕ್ಕಕ್ಕಿದೆಯೋ ಇಲ್ವೋ ಅಂತ ಕ್ಯಾಲೆಂಡರಲ್ಲಿ ಬರೆದಿಲ್ಲ, ಅದರ ಮೇಲೆ ನಮ್ಮಿಬ್ಬರ ವಾದ ಇನ್ನೂ ನಡೀತಿದೆ.